ಎಡದ ಟ್ಯಾಂಕು, ಬಲದ ಟ್ಯಾಂಕು

ಭಾವ, ಭಾವಮೈದುನ ಸೇರಿ ಒಂದು ಪುಟ್ಟ ವಿಮಾನ ಕೊಂಡಿದ್ದರು. ವರ್ಷ ತುಂಬುವುದರೊಳಗೆ ಎಣ್ಣೆ-ಸೀಗೆಕಾಯಿ ಆದರು. ತಾನು ತುಂಬಿಸಿದ ಪೆಟ್ರೋಲನ್ನು ಇನ್ನೊಬ್ಬ ಹಾರಿ ಮುಗಿಸುತ್ತಾನೆ ಎಂಬುದೇ ಇಬ್ಬರ ದೂರು. ಕೊನೆಗೆ ರೆಕ್ಕೆಗಳನ್ನೇ ಪಾಲು ಮಾಡಿಕೊಂಡರು: ಎಡರೆಕ್ಕೆಯ ಟ್ಯಾಂಕು ಭಾವನದು, ಬಲರೆಕ್ಕೆಯದು ಮೈದುನನದು. ಸೀಟುಗಳ ನಡುವೆ ಒಂದು ಹಿಡಿಕೆ; ಅದು ಯಾವ ಕಡೆಗೆ ತಿರುಗಿದೆಯೋ ಆ ಟ್ಯಾಂಕಿನಿಂದಲೇ ಎಂಜಿನ್ನಿಗೆ ಪೆಟ್ರೋಲ್. ಹಾರುವವನು ಅದನ್ನು ತನ್ನ ಟ್ಯಾಂಕಿನ ಕಡೆಗೇ ತಿರುಗಿಸಿಕೊಳ್ಳಬೇಕು. ಇಂಥ ಬುದ್ಧಿವಂತರಲ್ಲಿ ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ ಆದವಳು ನಡುವೆ ಸಿಕ್ಕಿ ನುಗ್ಗಾಗಿದ್ದಳು.

ಆ ಮಧ್ಯಾಹ್ನ ಅವಳು ಗಂಡನ ಪಕ್ಕ ಕುಳಿತು ಊರಿಗೆ ಮರಳುತ್ತಿದ್ದಳು. ಎದುರುಗಾಳಿ ಜೋರಾಗಿತ್ತು. ದಾರಿಯಲ್ಲಿ ಇಳಿದು ತುಂಬಿಸಿಕೊಳ್ಳೋಣ ಎಂದಿದ್ದಕ್ಕೆ ಗಂಡ ಸಿಡುಕಿದ್ದ. ಈಗ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಪೆಟ್ರೋಲ್ ತೋರಿಸುವ ಎಡದ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು; ಬಲದ್ದು ಮುಕ್ಕಾಲಿಗಿಂತ ಮೇಲಿತ್ತು.

“ರೀ, ತಮ್ಮನ ಕಡೆ ತಿರುಗಿಸಿ.”

“ಸತ್ರೂ ಅವನ ಪೆಟ್ರೋಲ್ ಮುಟ್ಟಲ್ಲ.”

ಅವಳೇ ಕೈ ಚಾಚಿದಳು. ಅವನು ಆ ಕೈಗೆ ಫಟೀರನೆ ಹೊಡೆದು ಹಿಡಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಇನ್ನೊಂದು ಕೈಯಲ್ಲಿ ವಿಮಾನವನ್ನು ತೇಲಿಸುತ್ತ ಕೊಯ್ಲಾದ ಹೊಲವೊಂದರಲ್ಲಿ ಇಳಿಸಿದ. ಮುಂದಿನ ಚಕ್ರ ಮುರಿದು ಮೂಗು ಮಣ್ಣಿಗೆ ಹೂತಿತು. ಅವಳ ಹಣೆ ಒಡೆಯಿತು. ಬೆಂಕಿ ಹತ್ತದಿರಲೆಂದು, ವಿಮಾನಕ್ಕಿದ್ದ ಒಂದೇ ಕೀಲಿಯನ್ನು ತಿರುಗಿಸಿ ಕಿತ್ತುಕೊಂಡವಳೂ ಅವಳೇ. ಗಂಡನಿಗೆ ಪ್ರಾಣ ಉಳಿದದ್ದಕ್ಕಿಂತ ಹಟ ಉಳಿದದ್ದೇ ದೊಡ್ಡದಾಗಿತ್ತು. ಅದನ್ನು ಕಂಡು ಅವಳ ಮೈಯೆಲ್ಲ ಉರಿಯಿತು.

ಫೋನ್ ಮಾಡಿದ್ದಕ್ಕೆ ತಮ್ಮ ಕಾರಿನಲ್ಲಿ ಧಾವಿಸಿ ಬಂದ. ಎಷ್ಟಾದರೂ ಒಡಹುಟ್ಟಿದವನು ಎಂದುಕೊಂಡು ಅವಳು ರಕ್ತ ಒರೆಸಿಕೊಳ್ಳುತ್ತ ಎದ್ದು ನಿಂತಳು. ಅವನು ಅವಳನ್ನು ದಾಟಿಕೊಂಡೇ ಹೋಗಿ, ಬಲರೆಕ್ಕೆಯ ಮುಚ್ಚಳ ತೆಗೆದು, ಅಳತೆಕೋಲು ಇಳಿಸಿ ನೋಡಿದ.

“ಸರಿಯಾಗಿದೆ,” ಅಂದ.

“ನಾನು ಒಂದು ಹನಿಯೂ ಮುಟ್ಟಿಲ್ಲ,” ಅಂದ ಭಾವ.

ಬಹಳ ದಿನಗಳ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು. ಅವಳ ಹಣೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವಳು ಹೊಲದಂಚಿನ ಬಾವಿಯ ಕಡೆಗೆ ನಡೆದಳು. ಅವಳ ಮುಷ್ಟಿಯಲ್ಲಿ ಏನಿದೆ ಎಂಬುದು ಆಗ ನೆನಪಾಗಿ ಇಬ್ಬರೂ ಬಿದ್ದಂಬೀಳ ಓಡಿಬಂದರು. ಅಷ್ಟರಲ್ಲಿ ಕೀಲಿ ನೀರಿಗೆ ಬಿದ್ದ ಸದ್ದು ಕೇಳಿಸಿತು.

ತಮ್ಮನ ಕೈಯಲ್ಲಿ ಅಳತೆಕೋಲು ಇನ್ನೂ ಇತ್ತು.

“ಅದನ್ನ ಇಲ್ಲಿ ಇಳಿಸಿ ನೋಡ್ಕೊಳ್ಳಿ, ಇಬ್ರೂ,” ಅಂದಳು ಅವಳು.