ಪಂಪಾಪತಿಯ ಬಾಯಿಗೆ ನೀರು

"ನೋಡ್ರಲೇ, ಗೊಂಬಿ ಬಾಯಾಗ ನೀರ್ ಹಾಕ್ಯಾಳ!"

ದೀಪಾ ಕೂಗಿದ್ದೇ ತಡ, ಸಿಂಧನೂರಿನ ಆ ನರ್ಸಿಂಗ್ ಕಾಲೇಜಿನ ಲ್ಯಾಬ್ ತುಂಬ ನಗೆ. ಮಹಾಲಕ್ಷ್ಮಿ ಮಾತ್ರ ನೀರಿನ ಬಾಟಲಿ ಹಿಡಿದು ಮಂಚದ ಪಕ್ಕ ನಿಂತೇ ಇದ್ದಳು. ಮಲಗಿದ್ದದ್ದು ರಬ್ಬರಿನ ರೋಗಿ, ಹುಡುಗಿಯರು ಇಟ್ಟ ಹೆಸರು ಪಂಪಾಪತಿ. ಅವನ ಎದೆಬಡಿತ ನಿಂತಿದೆ, ಎದೆ ಒತ್ತಿ ಬದುಕಿಸಿ ಎನ್ನುವುದು ಅವತ್ತಿನ ಪಾಠ. ಕ್ಲಾಸಿನಲ್ಲೇ ಚೆನ್ನಾಗಿ ಒತ್ತುವವಳು ಎಂದು ಹೆಸರಾದವಳು ಹೋಗಿ ಹೋಗಿ ನೀರು ಬಿಟ್ಟಿದ್ದಳು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಸೋಮವಾರದಿಂದ ಆಸ್ಪತ್ರೆಯ ವಾರ್ಡು ಬೇರೆ. ಅಲ್ಲಿ ಮಲಗುವವರು ರಬ್ಬರಿನವರಲ್ಲ.

ಆಮೇಲೆ ಡಿಬ್ರೀಫಿಂಗ್. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ನಡೆದದ್ದನ್ನು ಮೊದಲಿನಿಂದ ಮಾತಾಡುವುದು. ಹುಡುಗಿಯರ ಬಾಯಲ್ಲಿ ಅದು ಪಂಚಾಯ್ತಿ. ಕಲಿಸುವ ಅಂಬಿಕಾ ಮೇಡಂ ಮಸ್ಕಿಯವರು, ಎಂದೂ ದನಿ ಏರಿಸಿದವರಲ್ಲ. ಅವರ ಮೊದಲ ಪ್ರಶ್ನೆ ಮಹಾಲಕ್ಷ್ಮಿಗೇ ಬಂತು.

"ಏನಾತು, ಮಹಾಲಕ್ಷ್ಮಿ?"

ಏನಾತು, ಹ್ಯಾಂಗಾತು. ತುರ್ವಿಹಾಳದ ಅವಳ ಮನೆಗೆ ಮಾತಾಡಿಸಲು ಬಂದವರೆಲ್ಲ ಕಳೆದ ತಿಂಗಳಿಡೀ ಕೇಳಿದ್ದು ಇದನ್ನೇ. ಅಪ್ಪ ಸತ್ತ ಮನೆಯಲ್ಲಿ ಚಾಪೆಯ ಮೇಲೆ ಕೂತು ಅದೇ ಕಥೆ ಒಪ್ಪಿಸಿ ಒಪ್ಪಿಸಿ ಅವಳಿಗೆ ತನ್ನ ದನಿಯೇ ಬೇಡವಾಗಿತ್ತು.

"ತಪ್ಪಾತ್ರೀ ಮೇಡಂ." ಬೆರಳುಗಳು ಬಾಟಲಿಯ ಮುಚ್ಚಳ ಬಿಚ್ಚುತ್ತಿದ್ದವು, ಮುಚ್ಚುತ್ತಿದ್ದವು.

"ತಪ್ಪು ಹುಡುಕಾಕ ಕುಂತಿಲ್ಲವ್ವ ನಾವು. ನೀರು ಹಾಕೋ ಹೊತ್ನ್ಯಾಗ ನಿನ್ನ ತಲ್ಯಾಗ ಏನಿತ್ತು, ಅಷ್ಟ ಹೇಳು."

ಇದನ್ನು ಯಾರೂ ಕೇಳಿರಲಿಲ್ಲ.

"ನಮ್ಮಪ್ಪರೀ. ಪಡಸಾಲ್ಯಾಗ ಬಿದ್ದ. ನಾ ಎದಿ ಮ್ಯಾಲ ಕೈ ಇಟ್ಟಿದ್ದೆ. ದೊಡ್ಡಪ್ಪ, ಓಣಿಯವ್ರು ಎಲ್ಲಾರೂ, 'ಹೊಂಟಾನ, ಬಾಯಾಗ ನೀರು ಬಿಡು' ಅಂತ ಒದರಿದ್ರು. ಕೈ ತಗದೆ. ನೀರು ಬಿಟ್ಟೆ." ಮುಚ್ಚಳ ಜಾರಿ ನೆಲದ ಮೇಲೆ ಉರುಳಿತು. "ಈಗ ಬಂದೋರೆಲ್ಲಾ, 'ಮಗಳ ಕೈಯಾಗಿನ ನೀರು ಕುಡದು ಹೋದ, ಪುಣ್ಯವಂತ' ಅಂತಾರ್ರೀ. ಅವ್ವನೂ ಅಂತಾಳ. ಕೇಳಿದ್ರ ಮೈಯೆಲ್ಲಾ ಉರೀತೈತಿ."

ಯಾರೂ ನಗಲಿಲ್ಲ. ದೀಪಾ ತಲೆ ತಗ್ಗಿಸಿ, ಉರುಳಿ ಬಂದ ಮುಚ್ಚಳವನ್ನು ಎತ್ತಿಕೊಂಡಳು.

"ಒತ್ತಿದ್ರ ಉಳೀತಿದ್ನೇನ್ರೀ, ಮೇಡಂ?"

ಅಂಬಿಕಾ ಮೇಡಂಗೆ ಇಲ್ಲ ಎಂದುಬಿಡುವುದು ಸುಲಭವಿತ್ತು. ಹುಡುಗಿ ಅದಕ್ಕೇ ಕಾದಿದ್ದಳು.

"ಗೊತ್ತಿಲ್ಲವ್ವ," ಎಂದರು. "ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ."

ಮಹಾಲಕ್ಷ್ಮಿ ಅತ್ತಳು, ಬಂದವರ ಮುಂದೆ ಅಳಬೇಕಾದ ಹಾಗಲ್ಲ, ಮೂಗು ಸೋರಿಸಿಕೊಂಡು ಕೆಟ್ಟದಾಗಿ ಅತ್ತಳು. ಡಿಬ್ರೀಫಿಂಗಿನ ಕೊನೆಯ ಪ್ರಶ್ನೆ, ಮುಂದಿನ ಸಲ ಏನು ಮಾಡ್ತಿ ಎನ್ನುವುದು, ಇನ್ನೂ ಬಾಕಿ ಇತ್ತು. ಮೇಡಂ ಅದನ್ನು ಕೇಳುವ ಮೊದಲೇ ಅವಳು ಎದ್ದು ಮಂಚದ ಹತ್ತಿರ ಹೋದಳು. ಪಂಪಾಪತಿಯ ಎದೆಯ ಮೇಲೆ ಅಂಗೈ ಊರಿ, ಮೊಣಕೈ ಬಿಗಿದು, ಎಣಿಸುತ್ತ ಒತ್ತತೊಡಗಿದಳು.

ಒತ್ತಿದ ಹಾಗೆಲ್ಲ ಅವಳೇ ಹಾಕಿದ್ದ ನೀರು ಗೊಂಬೆಯ ಬಾಯಿಂದ ಹೊರಬಂದು ಹಾಸಿಗೆ ತೋಯಿಸತೊಡಗಿತು.

"ನೀರು ಬರಾಕತ್ತೈತಲೇ," ಎಂದಳು ದೀಪಾ ಮೆಲ್ಲಗೆ.

ಮಹಾಲಕ್ಷ್ಮಿ ಕೈ ತೆಗೆಯಲಿಲ್ಲ.