ಕಸ್ತೂರವ್ವನ ಗೋಡೆಯ ಮೀನು

ನವನಗರದ ನಮ್ಮ ಸೆಕ್ಟರಿನಲ್ಲಿ ನನಗೆ ಹೆಸರಿಲ್ಲ. ಮೂಲೆಮನೆಯ ಅಜ್ಜಿ, ಅಷ್ಟೇ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ. ‘ಕಸ್ತೂರವ್ವಾ’ ಎಂದು ಓಣಿಯ ತುದಿಯಿಂದಲೇ ಕೂಗುತ್ತ ಬರುತ್ತಿದ್ದವಳು ಮೀನು ಮಾರುವ ರಂಜಾನಬಿ ಒಬ್ಬಳೇ. ನಾನು ಮೀನು ಮುಟ್ಟುವವಳಲ್ಲ. ಆದರೂ ಬುಟ್ಟಿ ಖಾಲಿಯಾದ ಮೇಲೆ ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಹೋಗುತ್ತಿದ್ದಳು. ಆ ಅರ್ಧ ತಾಸಿಗಾಗಿ ಉಳಿದ ದಿನವನ್ನೆಲ್ಲ ತಳ್ಳುತ್ತಿದ್ದೆ.

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಬೇಸಿಗೆಯಲ್ಲಿ ನೀರು ಇಳಿದರೆ ಅದರ ಗೋಡೆ ಮೇಲೇಳುತ್ತದೆ. ಎಲ್ಲರಿಗೂ ಜಂಬದಿಂದ ತೋರಿಸುತ್ತಿದ್ದೆ. ರಂಜಾನಬಿಯ ಮಗ ಅಲ್ಲೂ ಬಲೆ ಬೀಸುತ್ತಿದ್ದ. ಕಸ್ತೂರವ್ವನ ಗೋಡೆಯ ಮೀನಿಗೆ ಮೈ ಜಾಸ್ತಿ ಎಂದು ಅವಳು ನನ್ನನ್ನು ಉಬ್ಬಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ನೀರು, ಮೀನು ಪರೀಕ್ಷೆ ಮಾಡುವ ಕಾಲೇಜಿನವರು ಬಂದರು. ಈ ದಂಡೆಯ ಮೀನಿನಲ್ಲಿ ಸೀಸದ ವಿಷ ಸಿಕ್ಕಿದೆ, ಎಲ್ಲಿಂದ ಬರುತ್ತಿದೆಯೋ ಹುಡುಕಬೇಕು ಎಂದರು. ಊರ ಗಟಾರದ್ದೇ ಇರಬೇಕು ಎಂದು ರಂಜಾನಬಿ ಬೈದಳು. ನಾನು ಅವಳಿಗಿಂತ ಜೋರಾಗಿ ಬೈದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಮನೆ ಬಿಡುವಾಗ ಹಳದಿ ಬಣ್ಣದ ಮೂರು ಬ್ಯಾರಲ್ ಅಲ್ಲೇ ಬಿಟ್ಟಿದ್ದೆವು. ಸೀಸದ ಬಣ್ಣ ಅದು. ಕೈ ತೊಳೆಯದೆ ಉಣ್ಣಬೇಡ ಎಂದು ದಿನಾ ಹೇಳುತ್ತಿದ್ದ ಗಂಡನೇ, ನೀರು ಎಲ್ಲ ನುಂಗುತ್ತದೆ ಬಿಡು ಎಂದ. ಮುಚ್ಚಳ ಬಡಿದವಳು ನಾನು. ಈಗ ಹೇಳಿದರೆ ರಂಜಾನಬಿ ನನ್ನ ಕಟ್ಟೆ ಹತ್ತುವುದಿಲ್ಲವೆಂದು ಸುಮ್ಮನಿದ್ದೆ.

ಕಾಲೇಜಿನವರು ಬಂದುಹೋದ ಹನ್ನೊಂದನೆಯ ದಿನ ಅವಳು ಚಹಾ ಆರಿಸುತ್ತ, ಮಗ ಗಟಾರದ ಕಡೆ ಹೋಗುವುದನ್ನೇ ಬಿಟ್ಟಿದ್ದಾನೆ, ಈಗ ಬಲೆ ಬೀಸುವುದು ಬರೀ ಗೋಡೆಯ ಹತ್ತಿರ ಎಂದಳು. ಮೊಮ್ಮಗಳು ಮುಬಶೀರಾಗೂ ಅಲ್ಲಿಯದನ್ನೇ ಉಣಿಸುತ್ತಿದ್ದಳಂತೆ.

“ನಿನ್ನ ಗ್ವಾಡಿ ಅಂದ್ರ ನಂಬಿಗಿ ನನಗ,” ಎಂದಳು.

ಎಲ್ಲ ಹೇಳಿಬಿಟ್ಟೆ.

ಅವಳು ಚಹಾದ ಬಸಿ ಕೆಳಗಿಟ್ಟಳು. “ಕಾಲೇಜಿನವರು ಬಂದು ಎಷ್ಟ ದಿನಾ ಆತು?”

“ಹನ್ನೊಂದು.”

“ಹನ್ನೊಂದ ದಿನಾ ಕೂಸು ಅದನ್ನ ಉಂಡೈತಿ.”

ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಬ್ಯಾರಲ್ ಇದ್ದ ಜಾಗವನ್ನು ಕಾಲೇಜಿನವರಿಗೆ ನಾನೇ ತೋರಿಸಿದೆ. ಅಲ್ಲೀಗ ಕೆಂಪು ಬಾವುಟ ನೆಟ್ಟಿದ್ದಾರೆ, ಯಾರೂ ಬಲೆ ಹಾಕುವಂತಿಲ್ಲ. ಮುಬಶೀರಾಳ ರಕ್ತ ಪರೀಕ್ಷೆಗೆ ಹೋಗಿದೆಯಂತೆ. ಏನು ಬಂತೆಂದು ನನಗೆ ಹೇಳುವವರಿಲ್ಲ.

ರಂಜಾನಬಿ ಈಗಲೂ ನಮ್ಮ ಓಣಿಗೆ ಬರುತ್ತಾಳೆ. ಗಿರಾಕಿಗಳಿಗೆ ಭಯ, ಅದಕ್ಕೇ ಅವಳು ಕೂಗುವ ಮಾತು ಬದಲಾಗಿದೆ. “ಕಸ್ತೂರವ್ವನ ಗ್ವಾಡಿ ಮೀನಲ್ಲರೀ” ಎನ್ನುತ್ತ ನನ್ನ ಕಟ್ಟೆ ದಾಟಿ ಹೋಗುತ್ತಾಳೆ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತೇನೆ. ಈ ಸೆಕ್ಟರಿನಲ್ಲಿ ನನ್ನ ಹೆಸರು ಹಿಡಿದು ಕೂಗುವವಳು ಇವತ್ತಿಗೂ ಅವಳೊಬ್ಬಳೇ.