ಮೂರು ಸಲ ತೊಳೆದ ಬಾಟಲಿಗಳು

ಸೊಸೆ ಆ ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯವರೆಗೆ ನಡೆದು ಬಂದಾಗಲೇ ಮೇಸ್ತ್ರಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಹೆಗಲಿನ ಚೀಲವನ್ನೂ ಇಳಿಸದೆ ಒಂದು ಲೋಟ ನೀರು ಗಟಗಟ ಕುಡಿದಳು. ಇನ್ನೊಂದು ಲೋಟ ತುಂಬಿಕೊಂಡು ಅದನ್ನು ಕುಡಿಯದೆ ಸುಮ್ಮನೆ ಹಿಡಿದು ನಿಂತಳು.

“ಯಾಕೆ, ಮುಖ ಹಿಂಗೆ ಬಾಡಿದೆ? ಬಸ್ಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?” ಎಂದಳು ಮೇಸ್ತ್ರಿಯ ಹೆಂಡತಿ, ತರಕಾರಿ ಹೆಚ್ಚುವ ಕೈ ನಿಲ್ಲಿಸದೆ.

“ಬಸ್ಸಲ್ಲಲ್ಲ ಅತ್ತೆ. ಯೂನಿವರ್ಸಿಟೀಲಿ.”

ಮೇಸ್ತ್ರಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ದುಡಿದು, ಮೂರು ತಿಂಗಳ ಹಿಂದೆಯಷ್ಟೇ ಮನೆ ಸೇರಿದವನು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಬೀದಿಯವರಿಗೆಲ್ಲ ಅವನು ಈಗಲೂ ಮೇಸ್ತ್ರಿಯೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಅಂಕಿ ಓದಲು ಬರುತ್ತಿತ್ತು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಮಾತು ಕಡಿಮೆ. ಹೆಂಡತಿ ಹತ್ತು ಮಾತಾಡಿದರೆ ಇವನದು ಒಂದು, ಅದೂ ಅರ್ಧ ಹೊಟ್ಟೆಯಲ್ಲೇ ಉಳಿಯುವುದು.

ಸೊಸೆ ಡಿಗ್ರಿ ಮುಗಿಸಿ ಐದು ವರ್ಷ ಮನೆಯಲ್ಲಿದ್ದವಳು. ಪರಿಸರದ ವಿಷಯದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದು ಅವಳು ಹೇಳಿದ ದಿನ ಹೆಂಡತಿ, “ಪರಿಸರ ಓದೋಕೆ ಅಷ್ಟು ದೂರ ಹೋಗ್ಬೇಕಾ? ಹಿತ್ತಿಲು ಗುಡಿಸಿದ್ರೆ ಸಾಲದಾ?” ಎಂದು ನಗಾಡಿದ್ದಳು. ಆದರೆ ಮೊದಲ ದಿನ ಬೆಳಗ್ಗೆ ಸೊಸೆಗಿಂತ ಮುಂಚೆ ಎದ್ದು ಡಬ್ಬಿ ಕಟ್ಟಿಟ್ಟವಳೂ ಅವಳೇ. ಮಗ ಲಾರಿ ಓಡಿಸುತ್ತಾ ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲಿರುತ್ತಿದ್ದ. ಹಾಗಾಗಿ ಓದುವ ಸೊಸೆಗೆ ಮನೆಯಲ್ಲಿ ಇವರಿಬ್ಬರೇ ಆಸರೆ.

ಕೋರ್ಸಿನ ಕೊನೆಯ ವರ್ಷಕ್ಕೆ ಅವಳು ಹಿಡಿದ ಕೆಲಸ ಊರ ಪಕ್ಕದ ಹಳ್ಳದ್ದು. ಹಳ್ಳದ ದಡದಲ್ಲಿ ಹಳೆ ಬ್ಯಾಟರಿ ಒಡೆಯುವ ಶೆಡ್ಡುಗಳಿದ್ದವು. ಅವುಗಳಿಂದ ನೀರಿಗೆ ಎಷ್ಟು ಸೀಸ ಸೇರುತ್ತಿದೆ ಎಂದು ಆರು ತಿಂಗಳು ಅಳೆಯಬೇಕು. ತಿಂಗಳಿಗೊಂದು ಭಾನುವಾರ ಶೆಡ್ಡುಗಳ ಮೇಲೊಂದು ಕಡೆ, ಕೆಳಗೆ ಮೂರು ಕಡೆ ನೀರು ತುಂಬಿಕೊಂಡು ಬರುತ್ತಿದ್ದಳು. ಅದಕ್ಕೆಂದು ಲ್ಯಾಬಿನ ಅಟೆಂಡರ್ ಶುಕ್ರವಾರವೇ ನಾಲ್ಕು ಬಿಳಿ ಬಾಟಲಿ ಕೊಟ್ಟು ಕಳಿಸುತ್ತಿದ್ದ.

“ನನ್ನ ಲೆಕ್ಕ ಸುಳ್ಳು ಅಂತಿದ್ದಾರೆ,” ಎಂದಳು ಸೊಸೆ. “ಮೊದಲ ಮೂರು ತಿಂಗಳು ಶೆಡ್ಡಿನ ಕೆಳಗಿನ ನೀರಲ್ಲಿ ಸೀಸ ಅರವತ್ತರ ಮೇಲೇ ಬಂದಿತ್ತು. ನಾಲ್ಕನೇ ತಿಂಗಳಿಂದ ನಾಲ್ಕು, ಐದು. ಇದ್ದಕ್ಕಿದ್ದ ಹಾಗೆ ಮಾಯ. ಗೈಡ್ ಮೇಡಂ ಕೇಳಿದ್ರು, ‘ನಿಜ ಹೇಳು, ಹಳ್ಳಕ್ಕೆ ಹೋಗೋಕೆ ಬೇಜಾರಾಗಿ ಮನೆ ನಲ್ಲಿ ನೀರು ತುಂಬಿಸ್ಕೊಂಡು ಬಂದೆಯಾ?’ ಅಂತ.”

“ನಲ್ಲಿ ನೀರಾ! ಆ ಕೆಸರು ಬಟ್ಟೆ ಒಗೆದು ಒಗೆದು ನನ್ನ ಸೊಂಟ ಬಿದ್ದುಹೋಗಿದೆ. ನನ್ನನ್ನ ಕೇಳಲಿ ನಿಮ್ಮ ಮೇಡಂ.”

“ಗುರುವಾರ ಮೂರು ಜನ ಕೂತು ವಿಚಾರಿಸ್ತಾರಂತೆ. ನಂಬಿಕೆ ಬರದಿದ್ರೆ ಕೆಲಸ ರದ್ದು. ಸುಳ್ಳು ಅಂಕಿ ಕೊಟ್ಟವಳು ಅಂತ ಬರೆದು ಕಳಿಸಿಬಿಡ್ತಾರೆ ಅತ್ತೆ. ಆಮೇಲೆ ನನ್ನ ಯಾರು ಸೇರಿಸ್ಕೋತಾರೆ?”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ಬಾಟಲಿ ಕೊಳಕಿತ್ತು ಅಂತ ಮಾತ್ರ ಅನ್ನಲಿಲ್ಲ ತಾನೆ?”

“ಇಲ್ಲ ಮಾವ. ಯಾಕೆ?”

“ಅನ್ನೋ ಹಾಗೇ ಇಲ್ಲ. ಒಂದೊಂದನ್ನೂ ಚೆನ್ನಾಗಿ ತೊಳೆದಿದ್ದೀನಿ.”

ಸೊಸೆ ಅವನ ಕಡೆ ತಿರುಗಿದಳು. “ಏನು ತೊಳೆದಿದ್ದೀರಿ?”

“ಅದೇ, ನೀನು ತರೋ ಬಿಳಿ ಬಾಟಲಿ. ತಳದಲ್ಲಿ ನಾಲ್ಕು ಹನಿ ಏನೋ ಹುಳಿ ವಾಸನೆ ನೀರು ಬಿಟ್ಟೇ ಕೊಟ್ಟಿರ್ತಾರೆ. ಸೋಮಾರಿಗಳು. ಶನಿವಾರ ನೀನು ಪಕ್ಕದ ಬೀದಿ ಮಕ್ಕಳಿಗೆ ಪಾಠ ಹೇಳೋಕೆ ಹೋದಾಗ ತೊಳೆದು, ಬೋರಲು ಹಾಕಿ, ಒಣಗಿಸಿ ಇಡ್ತೀನಿ.”

“ಎಷ್ಟು ಸಲ ಮಾವ?”

“ಮೂರು ಸಲ. ಮೂರನೇ ಸಲ ಬಿಳಿ ಬಟ್ಟೆ ಹಾಕಿ ಒರೆಸಿ ನೋಡ್ತೀನಿ.”

“ಅದಲ್ಲ. ಎಷ್ಟು ತಿಂಗಳು?”

“ಕೆಲಸ ಬಿಟ್ಟಾಗಿನಿಂದ. ಅದೂ ಮೂರೇ.”

ಸೊಸೆ ಲೋಟವನ್ನು ಕಟ್ಟೆಯ ಮೇಲಿಟ್ಟು ನೆಲದ ಮೇಲೆ ಕುಸಿದು ಕೂತಳು. ಆ ನಾಲ್ಕು ಹನಿ ಕೊಳಕಲ್ಲ, ಆ್ಯಸಿಡ್ ಎಂದಳು. ಲೆಕ್ಕ ಹಾಕಿಯೇ ಬಿಟ್ಟ ಆ್ಯಸಿಡ್. ಅದಿಲ್ಲದಿದ್ದರೆ ನೀರಿನಲ್ಲಿರುವ ಸೀಸ ಬಾಟಲಿಯ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ಯಂತ್ರಕ್ಕೆ ಸಿಗುವುದಿಲ್ಲ. ಬಾಟಲಿ ಬೆಳ್ಳಗಿರುವುದರಿಂದ ಹನಿ ಇದೆಯೋ ಇಲ್ಲವೋ ಹೊರಗಿನಿಂದ ತನಗೂ ಕಾಣುತ್ತಿರಲಿಲ್ಲ. ಇಷ್ಟು ಹೇಳಿ, “ಕೈ ಉರಿಯಲಿಲ್ಲವಾ ಮಾವ?” ಎಂದು ಕೇಳಿದಳು.

ಉರಿದಿದ್ದರೆ ತಾನೆ ಗೊತ್ತಾಗುವುದು? ಬೇರೆ ಯಾರೇ ಆಗಿದ್ದರೂ ಮೊದಲ ಬಾಟಲಿಗೇ ಕೈ ಝಾಡಿಸಿ ಕಿರುಚುತ್ತಿದ್ದರು. ಕಾಸ್ಟಿಕ್ ಸೋಡಾದಲ್ಲೂ ಕುದಿಯುವ ಬಣ್ಣದಲ್ಲೂ ಬೆಂದು ಅವನ ಬೆರಳುಗಳು ಮರದ ಚಕ್ಕೆಯಂತಾಗಿದ್ದವು. ಸ್ವಲ್ಪ ಚುರುಗುಟ್ಟಿದ್ದು ನಿಜ. ಬೆರಳ ತುದಿ ಹಳದಿಯಾಗಿದ್ದೂ ನಿಜ. ಆದರೆ ಉಗುರಿನ ಸಂದಿಯಲ್ಲಿ ನೀಲಿ, ಅಂಗೈ ಗೆರೆಯಲ್ಲಿ ಕಪ್ಪು, ಮಣಿಕಟ್ಟಿನ ಹತ್ತಿರ ಕೆಂಪು ಹೊತ್ತುಕೊಂಡ ಕೈಗೆ ಒಂದು ಹಳದಿ ಹೆಚ್ಚಾಯಿತೆಂದು ಯಾರು ನೋಡುತ್ತಾರೆ?

ಬಣ್ಣದ ಮನೆಯಲ್ಲಿ ಅವನು ಕಲಿತ ಮೊದಲ ಪಾಠವೇ ಪಾತ್ರೆ ತೊಳೆಯುವುದು. ನಿನ್ನೆಯ ಬಣ್ಣ ಒಂದು ಚಮಚ ಉಳಿದರೂ ಇವತ್ತಿನ ನೂಲು ಕೆಡುತ್ತದೆ. ತಳದಲ್ಲಿ ಏನಾದರೂ ಉಳಿದ ಪಾತ್ರೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಸೊಸೆಗೆ ಹೇಳಲೂ ಇಲ್ಲ. ಮಾಡಿದ್ದನ್ನು ಸಾರಿಕೊಂಡು ತಿರುಗುವುದು ಅವನ ಜಾಯಮಾನವಲ್ಲ. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಅವಳು ಬರೆದ ಅಕ್ಷರ ನೆನೆಯದಿರಲೆಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ತೊಳೆದಿದ್ದ. ಅಷ್ಟು ಜೋಪಾನ.

“ಸರಿಹೋಯ್ತು,” ಎಂದಳು ಹೆಂಡತಿ. “ನನ್ನ ಒಂದು ಚಮಚ ತೊಳೆದುಕೊಡಿ ಅಂದ್ರೆ ಸೊಂಟನೋವು. ಕೇಳದೇ ಇರೋ ಕಡೆ ಮೂರು ಮೂರು ಸಲ!”

ಯಾರೂ ನಗಲಿಲ್ಲ. ಅವಳಿಗೂ ನಗು ಬರಲಿಲ್ಲ.

“ಗುರುವಾರ ನಾನು ಬರ್ತೀನಿ,” ಎಂದ ಮೇಸ್ತ್ರಿ.

“ಬೇಡ ಮಾವ. ‘ಮನೇಲಿ ಮಾವ ತೊಳೆದುಬಿಟ್ರು’ ಅಂದ್ರೆ ಚಿಕ್ಕ ಮಕ್ಕಳ ನೆಪದ ಹಾಗಿರುತ್ತೆ. ನಿಮ್ಮನ್ನ ಅಲ್ಲಿ ನಿಲ್ಲಿಸಿ ಮಾತು ಕೇಳಿಸೋದು ನನಗಿಷ್ಟ ಇಲ್ಲ.”

“ನಾನು ಕೆಡಿಸಿದ ನೂಲಿಗೆ ಇನ್ನೊಬ್ಬರು ಯಾವತ್ತೂ ಬೈಸಿಕೊಂಡಿಲ್ಲ,” ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡುವುದು ಅಪರೂಪ. ಎದ್ದು ಹೋಗಿ ಬಿಳಿ ಅಂಗಿ ಎಲ್ಲಿದೆ ಎಂದು ಹುಡುಕತೊಡಗಿದ.

ಗುರುವಾರ ಇಬ್ಬರೂ ಎರಡು ಬಸ್ಸು ಬದಲಿಸಿ ಯೂನಿವರ್ಸಿಟಿಗೆ ಹೋದರು. ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಮೇಡಂ, ಕನ್ನಡಕ ಹಣೆಯ ಮೇಲೆ. ಪಕ್ಕದಲ್ಲಿ ಇಬ್ಬರು ಮೇಷ್ಟ್ರು. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಬಾಗಿಲಲ್ಲಿ ಬೀಗದ ಗೊಂಚಲು ಹಿಡಿದು ಲ್ಯಾಬಿನ ಅಟೆಂಡರ್ ನಿಂತಿದ್ದ.

ಕುರ್ಚಿ ತೋರಿಸಿದರೂ ಮೇಸ್ತ್ರಿ ಕೂರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ. ಹೇಳುವಾಗ ತೊಳೆಯುವ ಕೈಸನ್ನೆಯೂ ತಾನಾಗಿ ಬಂತು.

ತೆಳ್ಳಗಿನ ಮೇಷ್ಟ್ರು ಪೆನ್ನು ಆಡಿಸುತ್ತಾ, “ಸೊಸೆ ಮೇಲೆ ಪ್ರೀತಿ ಇದ್ರೆ ಯಾರು ಬೇಕಾದ್ರೂ ಹೀಗೆ ಹೇಳಬಹುದು, ಯಜಮಾನ್ರೇ,” ಎಂದರು.

“ಹೇಳಬಹುದು ಸ್ವಾಮಿ. ಆದರೆ ನನ್ನ ಸೊಸೆ ಹೇಳಿಸೋದಾಗಿದ್ರೆ ಇದಕ್ಕಿಂತ ಒಳ್ಳೇ ಸುಳ್ಳು ಹೇಳಿಸ್ತಿದ್ದಳು. ಓದಿದವಳು.”

ದಪ್ಪ ಮೇಷ್ಟ್ರು ಕೆಮ್ಮಿ ನಗು ನುಂಗಿಕೊಂಡರು. ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ಕೆಳಗಿಳಿಸಿ, “ನಿಮ್ಮ ಕೈ ತೋರಿಸಿ,” ಎಂದರು.

ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದ. ನೀಲಿ, ಕಪ್ಪು, ಕೆಂಪು ಎಲ್ಲವನ್ನೂ ದಾಟಿ ಅವರ ಕಣ್ಣು ಬಲಗೈಯ ಮೂರು ಬೆರಳ ತುದಿಯಲ್ಲಿ ನಿಂತಿತು.

“ಈ ಹಳದಿ ಯಾವ ಬಣ್ಣದ್ದು?”

“ಅದೇ ನನಗೂ ಗೊತ್ತಾಗ್ತಿಲ್ಲ ಮೇಡಂ. ನಮ್ಮಲ್ಲಿದ್ದ ಯಾವ ಹಳದಿಯೂ ಅಲ್ಲ. ಸೋಪಿಗೆ ಹೋಗಲ್ಲ, ಸೀಮೆಎಣ್ಣೆಗೂ ಹೋಗಲ್ಲ.”

“ಹೋಗಲ್ಲ. ಚರ್ಮದ ಜೊತೆಗೇ ಹೋಗಬೇಕು,” ಎಂದರು ಮೇಡಂ. ತಮ್ಮ ಹೆಬ್ಬೆರಳ ಪಕ್ಕದಲ್ಲಿದ್ದ ಅಂಥದೇ ಒಂದು ಚುಕ್ಕೆಯನ್ನು ತೆಳ್ಳಗಿನ ಮೇಷ್ಟ್ರಿಗೆ ತೋರಿಸಿದರು. “ನೈಟ್ರಿಕ್ ಆ್ಯಸಿಡ್. ಇದು ಹೇಳಿಕೊಟ್ಟು ಬರೋದಲ್ಲ.”

ದಪ್ಪ ಮೇಷ್ಟ್ರು ಮೆಲ್ಲಗೆ, “ಹುಡುಗಿ ಸುಳ್ಳು ಹೇಳಿಲ್ಲ ಅಂತ ಒಪ್ಪೋಣ. ಆದ್ರೆ ಮೂರು ತಿಂಗಳ ಲೆಕ್ಕ ಹೋಯ್ತಲ್ಲ. ಅರ್ಧ ಕೆಲಸ ಇಟ್ಕೊಂಡು ಪಾಸು ಮಾಡೋದು ಹೇಗೆ?” ಎಂದರು.

ಸೊಸೆ ತಲೆ ತಗ್ಗಿಸಿದಳು. ಮೇಸ್ತ್ರಿಯ ತಲೆಯಲ್ಲಿ ಒಂದು ಮಾತು ಮೊನ್ನೆಯಿಂದ ಕೊರೆಯುತ್ತಿತ್ತು.

“ಒಂದು ಕೇಳಲಾ? ಸೀಸ ಗೋಡೆಗೆ ಅಂಟಿಕೊಳ್ಳುತ್ತೆ ಅಂದ್ಲು ಸೊಸೆ. ಅಂಟಿಕೊಂಡಿದೆ ಅಂದ್ರೆ ಎಲ್ಲೂ ಹೋಗಿಲ್ಲ ಅಂತ ತಾನೆ? ನಮ್ಮ ತೊಟ್ಟಿಗೂ ಬಣ್ಣ ಅಂಟೋದು. ಬರೀ ನೀರಿಗೆ ಬಿಡ್ತಿರಲಿಲ್ಲ. ತಕ್ಕ ಮದ್ದು ಹಾಕಿ ಒಂದು ದಿನ ಬಿಟ್ರೆ, ಕೊಟ್ಟದ್ದನ್ನೆಲ್ಲ ವಾಪಸ್ ಕೊಡೋದು.”

ಮೇಡಂ ಎದ್ದೇ ನಿಂತರು. ಬಾಗಿಲ ಕಡೆ ತಿರುಗಿ, “ಆ ಬಾಟಲಿಗಳು ಏನಾದವು? ಅಳೆದು ಮಿಕ್ಕಿದ್ದನ್ನ ಚೆಲ್ಲು ಅಂದಿದ್ದೆನಲ್ಲ?” ಎಂದರು.

ಅಟೆಂಡರ್ ಗೊಂಚಲಿನ ಬೀಗದ ಕೈಗಳನ್ನು ಒಂದೊಂದಾಗಿ ನೋಡತೊಡಗಿದ. “ಚೆಲ್ಲಬೇಕು ಅಂತಾನೇ ಇದ್ದೆ ಮೇಡಂ.”

“ಚೆಲ್ಲಿದೆಯೋ ಇಲ್ಲವೋ?”

“ನಾಲ್ಕನೇ ತಿಂಗಳಿನ ನಾಲ್ಕು ಚೆಲ್ಲಿದೆ. ಎಂಟು… ನಾಳೆ ಚೆಲ್ಲೋಣ ಅಂತ.”

“ನಿನ್ನ ನಾಳೆಗೆ ಒಳ್ಳೇದಾಗಲಿ ಕಣಯ್ಯ!” ಎಂದರು ಮೇಡಂ. ಆ ಕೋಣೆಯಲ್ಲಿ ಅಂದು ಮೊದಲ ಸಲ ಎಲ್ಲರೂ ಒಟ್ಟಿಗೆ ನಕ್ಕರು. ನಗು ನಿಂತ ಮೇಲೆ ಅವರು ಗಂಭೀರವಾಗಿ, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಬಾಟಲಿ ಬಂದಾಗ ಹುಳಿ ಇದೆಯೇ ಎಂದು ಲ್ಯಾಬಿನವರೂ ನೋಡಬೇಕಿತ್ತು, ನೋಡಲಿಲ್ಲ, ಆ ತಪ್ಪು ನಮ್ಮದು ಎಂದೂ ಸೇರಿಸಿದರು. ಎಂಟರಲ್ಲಿ ಸೀಸ ಮರಳಿದರೆ ಆ ಲೆಕ್ಕವನ್ನು ಒಪ್ಪುವುದು, ಕಳೆದುಹೋದ ನಾಲ್ಕನೇ ತಿಂಗಳ ಬದಲಿಗೆ ಇನ್ನೊಂದು ತಿಂಗಳು ಹಳ್ಳಕ್ಕೆ ಹೋಗುವುದು, ನಡೆದ ತಪ್ಪನ್ನು ಪುಸ್ತಕದಲ್ಲಿ ಮುಚ್ಚಿಡದೆ ಬರೆಯುವುದು ಎಂದು ತೀರ್ಮಾನವಾಯಿತು. ಮರಳದಿದ್ದರೆ ಏನೆಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಂದೇ ಸೊಸೆ ಎಂಟು ಬಾಟಲಿಗೂ ಆ್ಯಸಿಡ್ ಬಿಟ್ಟಳು. ಮೇಸ್ತ್ರಿ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅಟೆಂಡರ್, “ಬನ್ನಿ ಯಜಮಾನ್ರೇ, ಹತ್ತಿರ ಬಂದು ನೋಡಿ,” ಎಂದರೂ ಕದಲಲಿಲ್ಲ.

ಶುಕ್ರವಾರವೆಲ್ಲ ಬಾಟಲಿಗಳು ಸುಮ್ಮನೆ ನಿಂತಿದ್ದವು. ಶನಿವಾರ ಬೆಳಗ್ಗೆ ಯಂತ್ರದ ಮುಂದೆ ಮೇಡಂ, ಸೊಸೆ, ಅಟೆಂಡರ್ ಸೇರಿದರು. ಮೇಸ್ತ್ರಿ ಕರೆಯದೆಯೇ ಬಂದಿದ್ದ. ಮೇಡಂ ಅವನನ್ನು ಯಂತ್ರದ ಪಕ್ಕಕ್ಕೆ ಎಳೆದು ನಿಲ್ಲಿಸಿದರು.

“ಅಂಕಿ ಓದೋಕೆ ಬರುತ್ತಲ್ಲ? ಪರದೆ ಮೇಲೆ ಬಂದದ್ದನ್ನ ಗಟ್ಟಿಯಾಗಿ ಓದಿ. ಅವಳು ಬರ್ಕೊಳ್ಳಲಿ.”

ಮೊದಲ ಬಾಟಲಿ. ಪರದೆ ಮಿಟುಕಿತು.

“ಎರಡು,” ಎಂದ ಮೇಸ್ತ್ರಿ. ಸೊಸೆಯ ಕಡೆ ನೋಡಲು ಧೈರ್ಯ ಬರಲಿಲ್ಲ.

“ಯಾಕೆ ಹೆದರ್ತೀರಿ? ಇದು ಶೆಡ್ಡುಗಳ ಮೇಲಿನ ನೀರು. ಎರಡೇ ಬರಬೇಕು,” ಎಂದರು ಮೇಡಂ. “ಮುಂದಿನದು ಹಾಕಮ್ಮ.”

ಸೊಸೆ ಎರಡನೆಯದನ್ನು ಇಟ್ಟಳು. ಯಂತ್ರ ನೀರನ್ನು ಎಳೆದುಕೊಂಡಿತು. ಪರದೆಯ ಮೇಲೆ ಅಂಕಿಗಳು ಓಡಾಡಿ, ತಡಬಡಿಸಿ ನಿಂತವು. ಮೇಸ್ತ್ರಿ ಬಗ್ಗಿ ನೋಡಿದ. ಸರಿಯಾಗಿ ಕಾಣಲಿಲ್ಲ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದ.

“ಐವತ್ತೆಂಟು.”

“ಇನ್ನೊಂದು ಸಲ ಹೇಳಿ ಮಾವ.”

“ಐವತ್ತೆಂಟು! ಐದು, ಎಂಟು. ಬರ್ಕೋ.”

ಅವಳು ಬರೆದುಕೊಂಡಳು. ಅಂಕಿ ಸೊಟ್ಟಗೆ ಹೋಯಿತು. ಮೇಡಂ ಅವಳ ಬೆನ್ನು ತಟ್ಟಿ, “ನಾಳೆ ಭಾನುವಾರ, ಹಳ್ಳಕ್ಕೆ ಹೋಗು,” ಎಂದು ತಮ್ಮ ಕೋಣೆಗೆ ನಡೆದರು. ಅಟೆಂಡರ್ ಮೂರನೇ ಬಾಟಲಿಯ ಮುಚ್ಚಳ ತೆಗೆದ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಪರದೆಯ ಮೇಲಿಂದ ಕಣ್ಣು ಕೀಳದೆ, ಮುಂದಿನ ಅಂಕಿ ನಿಲ್ಲುವುದನ್ನೇ ಕಾಯುತ್ತಾ ನಿಂತ.